ಅವ್ವನ ಹೀರೋ, ಅಪ್ಪನ ಸೌದೆ

ಆ ನಟನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಹುಣಸೂರಿನಲ್ಲಿ ಇವತ್ತಿಗೂ ನನ್ನ ಮೇಲೆ ಜಗಳಕ್ಕೆ ಬರುವವರಿದ್ದಾರೆ, ಅವರಲ್ಲಿ ಅರ್ಧ ಜನ ನನ್ನ ನೆಂಟರೇ. ವರ್ಷಾ ವರ್ಷಾ ಅವರು ತೀರಿಕೊಂಡ ದಿನ ಬಂತೆಂದರೆ ನನ್ನ ಫೋನಿನ ತುಂಬ ಅದೇ ಮುಖ. ಒಬ್ಬರ ಸ್ಟೇಟಸ್ಸಿನಲ್ಲಿ ಅನ್ನದಾನ, ಇನ್ನೊಬ್ಬರದರಲ್ಲಿ ರಕ್ತದಾನ, ಮತ್ತೊಬ್ಬರದರಲ್ಲಿ ಕಟೌಟಿಗೆ ಹಾಲು. ಅವರನ್ನು ಥಿಯೇಟರಿನಲ್ಲಿ ಒಮ್ಮೆಯೂ ನೋಡದ ನನ್ನ ಮಗಳು ಕೂಡ ‘ಅಮ್ಮಾ, ಈ ಸೀನ್ ನೋಡು’ ಎಂದು ತುಣುಕು ಕಳಿಸುತ್ತಾಳೆ. ನಾನು ಹೆಬ್ಬೆರಳಿನಲ್ಲಿ ಮೇಲಕ್ಕೆ ತಳ್ಳಿ ಮುಂದಕ್ಕೆ ಹೋಗುತ್ತೇನೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಅನ್ನಲಿ ಬಿಡಿ. ನನ್ನ ಅವ್ವನ ಮುಖದ ಬೆಳಕನ್ನೆಲ್ಲ ಬಾಚಿಕೊಂಡು ಹೋದ ಮನುಷ್ಯನ ಮೇಲೆ ಪಡದೆ ಇನ್ಯಾರ ಮೇಲೆ ಪಡಲಿ?

ಬಿಳಿಕೆರೆಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ನಮ್ಮೂರು. ಮನೆಯಲ್ಲಿ ಜಗಲಿ ಅಪ್ಪನದು, ನಡುಮನೆ ಅಜ್ಜಿಯದು, ಅಡುಗೆಮನೆ ಅವ್ವನದು. ನನ್ನದು ಅಂತ ಜಾಗವೇ ಇರಲಿಲ್ಲ. ಯಾವತ್ತು ಯಾರು ಬೈಯುವುದಿಲ್ಲವೋ ಅವತ್ತು ಅವರ ಜಾಗದಲ್ಲಿ ಕೂರುತ್ತಿದ್ದೆ. ಹಿತ್ತಲಾಚೆ ಹೊಗೆಸೊಪ್ಪಿನ ಬ್ಯಾರನ್ ಇತ್ತು. ಕಿಟಕಿಯಿಲ್ಲದ ಎತ್ತರದ ಮನೆ ಅದು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ತೂಗುಹಾಕಿ, ಹೊರಗಿನ ಗೂಡಿಗೆ ಸೌದೆ ಕೊಟ್ಟು, ಎಲೆ ಹೊಂಬಣ್ಣಕ್ಕೆ ಬರುವ ತನಕ ಬೇಯಿಸಬೇಕು. ಬೆಂಕಿ ಕೊಂಚ ಹೆಚ್ಚಾದರೂ ಕಡಿಮೆಯಾದರೂ ವರ್ಷದ ದುಡಿಮೆ ಕಪ್ಪಾಗಿಬಿಡುತ್ತದೆ. ಹಾಗಾಗಿ ಅಪ್ಪನಿಗೆ ಆ ಬ್ಯಾರನ್ನೇ ದೇವರು, ಸೌದೆಯೇ ನೈವೇದ್ಯ. ಎಲೆ ಕಟ್ಟುವ ಕೆಲಸ ಹೆಂಗಸರದು. ಎಲೆಯ ಅಂಟು ಅವ್ವನ ಅಂಗೈಗೆ ಹತ್ತಿ ಕರಿ ಚರ್ಮದ ಹಾಗೆ ಕೂತುಬಿಡುತ್ತಿತ್ತು. ಆ ಕೈಯಲ್ಲೇ ಮುದ್ದೆ ಕಟ್ಟುತ್ತಿದ್ದಳು, ಆ ಕೈಯಲ್ಲೇ ನನ್ನ ಜಡೆ ಎಳೆದು ಹಾಕುತ್ತಿದ್ದಳು. ಯಾವತ್ತಾದರೂ ಹುಣಸೆಹಣ್ಣು ಹಚ್ಚಿ ಕೈ ಉಜ್ಜಲು ಕೂತಳೆಂದರೆ ನನಗೆ ಗೊತ್ತಾಗಿಬಿಡುತ್ತಿತ್ತು: ಹುಣಸೂರಿನ ಟಾಕೀಸಿಗೆ ಅವರ ಹೊಸ ಪಿಚ್ಚರ್ ಬಂದಿದೆ.

ಅವತ್ತು ಅಡುಗೆ ಬೆಳಗಿನಲ್ಲೇ ಮುಗಿಯುತ್ತಿತ್ತು. ಉಪ್ಸಾರು, ಮುದ್ದೆ, ಗಟ್ಟಿ ಮಜ್ಜಿಗೆ. ಅಪ್ಪ ಉಣ್ಣಲು ಕೂತಾಗ ಅವ್ವ ಪ್ರತಿ ಸಲವೂ ಕೇಳುತ್ತಿದ್ದಳು. ಕೇಳುವ ಮುಂಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

“ನೀವೂ ಬನ್ನಿ. ಒಂದಿನ. ಎಲ್ರೂ ಗಂಡ ಎಂಡ್ತಿ ಜೊತೇಲೇ ಬತ್ತಾರೆ.”

“ಬ್ಯಾರನ್ ಬೆಂಕಿ ಯಾರು ನೋಡ್ಕೋತಾರೆ, ನಿಮ್ಮಪ್ಪನಾ?”

“ಈಗೆಲ್ಲಿ ಬೆಂಕಿ? ಗಿಡಾನೇ ನೆಟ್ಟಿಲ್ಲ.”

“ಅಂಗಾದ್ರೆ ಸೌದೆ ನೋಡಾಕೋಗ್ಬೇಕು. ಆ ಆಸಾಮಿ ಮೂತಿ ನೋಡಾಕೆ ನಂಗೇನು ತಲೆ ಕೆಟ್ಟದಾ?”

ಹೆಂಗಸೊಬ್ಬಳೇ ಪಿಚ್ಚರಿಗೆ ಹೋಗುವುದು ಚೆಂದವಲ್ಲವೆಂದು ಅವ್ವ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಳು. ನಾನು ಅವಳ ಪಾಲಿಗೆ ಕೈಚೀಲವಿದ್ದ ಹಾಗೆ, ಜೊತೆಗಿದ್ದರೆ ಮರ್ಯಾದೆ. ಟಾಕೀಸಿನಲ್ಲಿ ಕೂತ ಮೇಲೆ ಅವಳು ನನ್ನನ್ನು ನೋಡಿದ್ದು ನೆನಪೇ ಇಲ್ಲ. ಪರದೆಯ ಮೇಲೆ ಅವರು ಬಂದ ಕೂಡಲೇ ಮುಂದಿನ ಸಾಲಿನಲ್ಲಿ ಸಿಳ್ಳೆ, ಚಿಲ್ಲರೆ ಕಾಸು ತೂರುವ ಸದ್ದು. ಇತ್ತ ಅವ್ವನ ಮುಖ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ಯಾರೂ ಆ ಮುಖ ಕಂಡಿರಲಿಲ್ಲ. ನಾನು ಪರೀಕ್ಷೆಯಲ್ಲಿ ಮೊದಲು ಬಂದಾಗಲೂ, ನನ್ನ ಜ್ವರ ಬಿಟ್ಟಾಗಲೂ ಅದು ನನಗೆ ಸಿಕ್ಕಿರಲಿಲ್ಲ. ಒಂದಕ್ಕೆ ಹೋಗಬೇಕು ಅಂದರೆ ‘ತಡ್ಕೋ’ ಅನ್ನುತ್ತಿದ್ದಳು, ಕಣ್ಣು ಪರದೆಯ ಮೇಲೆಯೇ. ಕಡಲೆಕಾಯಿ ಪೊಟ್ಟಣವನ್ನು ನನ್ನ ಕೈಗೆ ಕೊಡಲು ಹೋಗಿ ಪಕ್ಕದ ಹೆಂಗಸಿನ ಮಡಿಲಿಗೆ ಹಾಕಿದ್ದೂ ಉಂಟು. ನಾನು ಕತ್ತಲಲ್ಲಿ ಪರದೆಯನ್ನು ಬಿಟ್ಟು ಅವ್ವನನ್ನೇ ನೋಡುತ್ತ, ಅವರಿಗೊಂದು ಸಾವು ಬರಬಾರದೇ ಎಂದು ಹಲ್ಲು ಕಡಿಯುತ್ತಿದ್ದೆ. ಇಂಟರ್ವಲ್ಲಿನಲ್ಲಿ ಲೈಟು ಬಂದಾಗ ಮಾತ್ರ ಅವಳು ಒಮ್ಮೆ ಹಿಂದಕ್ಕೆ ತಿರುಗಿ ಬಾಲ್ಕನಿಯ ಕಡೆಗೆ ನೋಡುತ್ತಿದ್ದಳು. ಗಂಡ ಹೆಂಡತಿ ಜೊತೆಯಲ್ಲಿ ಬಂದವರು ಕೂರುತ್ತಿದ್ದುದು ಅಲ್ಲಿ.

ಅಪ್ಪನ ಹೊಟ್ಟೆಕಿಚ್ಚಾದರೋ ಬಹಿರಂಗ. ಒಂದು ವರ್ಷ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಆ ನಟನ ಚಿತ್ರ ಬಂತು. ತಂದವನು ಅಪ್ಪನೇ, ಸುರುಳಿ ಬಿಚ್ಚಿ ನೋಡಿರಲಿಲ್ಲ ಅಷ್ಟೆ. ಅವ್ವ ಅದನ್ನು ಒಲೆಯ ಎದುರಿಗೆ ಮೊಳೆ ಹೊಡೆದು ನೇತುಹಾಕಿದಳು. ಅಪ್ಪ ಉಣ್ಣಲು ಬಂದವನು ತಟ್ಟೆಯ ಮುಂದೆ ಕೂರದೆ ನೇರ ಹೋಗಿ ಅದನ್ನು ಗೋಡೆಯ ಕಡೆಗೆ ತಿರುಗಿಸಿದ.

“ತಾರೀಕು ನೋಡ್ಬೇಕಲ್ಲ,” ಅಂದಳು ಅವ್ವ.

“ತಾರೀಕು ನೋಡ್ಕೊಂಡು ಯಾವ ಕೋರ್ಟಿಗೋಗ್ಬೇಕು ನೀನು?”

ನಡುಮನೆಯಿಂದ ಅಜ್ಜಿ ಎಲೆಯಡಿಕೆ ಉಗಿದು ನಕ್ಕಳು.

“ಲೇ ಮಗ, ಕಾಗ್ದದ ಮ್ಯಾಲೆ ಮುನಿಸ್ಕೋತೀಯಲ್ಲೋ, ನಾಚ್ಕೆ ಆಗಾಕಿಲ್ವಾ ನಿಂಗೆ?”

ಆ ವರ್ಷವಿಡೀ ಕ್ಯಾಲೆಂಡರು ಇತ್ತಲಿಂದತ್ತ, ಅತ್ತಲಿಂದಿತ್ತ ತಿರುಗಿತು. ಸಾರಿಗೆ ಉಪ್ಪು ಕಮ್ಮಿಯಾದರೆ ಅಪ್ಪ ಅದರ ಕಡೆ ಕೈ ತೋರಿಸಿ ‘ಅಲ್ಲಿ ನೋಡ್ಕೊಂಡು ಮಾಡುದ್ರೆ ಇನ್ನೇನಾಯ್ತದೆ’ ಅನ್ನುತ್ತಿದ್ದ. ನಾನು ಪೂರ್ತಿ ಅಪ್ಪನ ಪಕ್ಷ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ‘ಅವ್ರು’ ಅನ್ನುತ್ತಾರೆ. ಅವ್ವ ಆ ನಟನನ್ನೂ ‘ಅವ್ರು’ ಅಂತಲೇ ಕರೆಯುತ್ತಿದ್ದಳು. ಒಂದು ಮನೆಯಲ್ಲಿ ಇಬ್ಬರು ‘ಅವ್ರು’ ಇದ್ದರೆ ಯಾವ ಗಂಡಸಿಗೆ ತಾನೇ ಅನ್ನ ಸೇರುತ್ತದೆ?

ಆಮೇಲಾಮೇಲೆ ಅಪ್ಪನಿಗೆ ಪಿರಿಯಾಪಟ್ಟಣದ ಹುಚ್ಚು ಹಿಡಿಯಿತು. ಬ್ಯಾರನ್ನಿಗೆ ಸೌದೆ ಅಲ್ಲಿ ಅಗ್ಗವಂತೆ. ತಿಂಗಳಿಗೊಮ್ಮೆ, ಒಂದೊಂದು ಸಲ ಎರಡು ಸಲ, ಬೆಳಿಗ್ಗೆ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹಾಕುವ ಬಿಳಿ ಶರಟು ಹಾಕಿಕೊಂಡು ಹೊರಡುತ್ತಿದ್ದ. ಸಂಜೆ ಬರಿಗೈಯಲ್ಲಿ ಬರುತ್ತಿದ್ದ. ‘ಸೌದೆ ಹಸಿ ಇತ್ತು’ ಅನ್ನುವುದು, ‘ಆಸಾಮಿ ಸಿಗ್ಲಿಲ್ಲ’ ಅನ್ನುವುದು. ಸೌದೆ ನೋಡಲು ಬಿಳಿ ಶರಟು ಯಾಕೆ ಅಂತ ಅವ್ವ ಕೇಳಲಿಲ್ಲ, ಶರಟನ್ನು ಒಗೆಯುವ ಮುಂಚೆ ಮೂಗಿಗೆ ಹಿಡಿದು ನೋಡಿದಳು. ಒಂದು ಸಲ ಅಪ್ಪ ಬಂದಾಗ ಅವನ ಪೊರಕೆಯಂಥ ಮೀಸೆ ತೆಳ್ಳಗಾಗಿತ್ತು. ತುಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗೆ. ಅಜ್ಜಿ ನಗುತ್ತ ನಗುತ್ತ ಕೆಮ್ಮಿ ಕಣ್ಣೀರು ಹಾಕಿಕೊಂಡಳು. ಅವ್ವ ನಗಲಿಲ್ಲ. ನಡುವಯಸ್ಸಿನಲ್ಲಿ ಗಂಡಸು ಮೀಸೆ ತೀಡಿಕೊಂಡರೆ ಅದಕ್ಕೆ ಒಂದೇ ಅರ್ಥ ಎಂದು ಅವಳಿಗೆ ಗೊತ್ತಿತ್ತು.

ಮುಂದಿನ ಸಲ ಅವ್ವ ನನ್ನನ್ನು ಅಪ್ಪನ ಹಿಂದೆ ಕಟ್ಟಿದಳು. ‘ಮಗೀಗೆ ಶಾಲೆ ರಜ, ಕರ್ಕೊಂಡೋಗಿ’ ಅಂದಳು, ನನ್ನ ಕಿವಿಯಲ್ಲಿ ‘ಯಾರ ಮನೆಗೋಯ್ತಾರೆ ನೋಡ್ಕೊಂಡ್ ಬಾ’ ಅಂದಳು. ಅಪ್ಪನೂ ಕಡಿಮೆಯವನಲ್ಲ. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನನ್ನನ್ನು ಕೂರಿಸಿ, ಬೋಂಡಾ ಕೊಡಿಸಿ, ‘ಸೌದೆ ನೋಡ್ಕೊಂಡು ಈಗ ಬತ್ತೀನಿ’ ಎಂದು ಹೋಟೆಲಿನವರಿಗೆ ಒಪ್ಪಿಸಿ ಹೋದ. ಬೋಂಡಾ ತಣ್ಣಗಾಯಿತು, ಮಧ್ಯಾಹ್ನದ ಊಟದ ಗಿರಾಕಿಗಳು ಬಂದು ಹೋದರು. ರಸ್ತೆಯಲ್ಲಿ ಹೋಗುವ ಪ್ರತಿ ಹೆಂಗಸನ್ನೂ ನಾನು ಅಳೆದು ನೋಡಿದೆ. ಬಳೆಯಂಗಡಿಯವಳೇ? ಛತ್ರಿ ಹಿಡಿದ ಟೀಚರೇ? ಬೈಲಕುಪ್ಪೆಯಿಂದ ಸ್ವೆಟರ್ ಮಾರಲು ಬಂದಿದ್ದ ಟಿಬೆಟಿನ ಹೆಂಗಸನ್ನೂ ಬಿಡಲಿಲ್ಲ, ಅವಳು ನನ್ನನ್ನು ನೋಡಿ ನಕ್ಕಾಗ ಮುಖ ಸಿಂಡರಿಸಿದೆ. ಅವ್ವನನ್ನು ಒಬ್ಬ ಕದ್ದ, ಈಗ ಅಪ್ಪನನ್ನು ಇನ್ನೊಬ್ಬಳು ಕದ್ದಳು, ನನಗೇನು ಉಳಿಯಿತು ಎಂದು ಅಲ್ಲೇ ಮೂಗು ಸುರಿಸಿಕೊಂಡು ಅತ್ತೆ. ಅಪ್ಪ ಬಂದಾಗ ಬಿಸಿಲು ಇಳಿದಿತ್ತು. ಕೈ ಹಿಡಿದುಕೊಂಡು ಬಸ್ಸು ಹತ್ತಿಸಿದ.

ಮನೆಗೆ ಬಂದೊಡನೆ ಅವ್ವ ನನ್ನನ್ನು ಬಚ್ಚಲುಮನೆಗೆ ಎಳೆದಳು.

“ಯಾರ ಮನೆಗೋಗಿದ್ರು?”

“ಗೊತ್ತಿಲ್ಲ ಕಣವ್ವ. ನನ್ನ ಓಟ್ಲಲ್ಲಿ ಕೂರ್ಸಿ ಒಂಟೋದ್ರು.”

“ಬರುವಾಗ ಎಂಗಿದ್ರು?”

“ಕಣ್ಣು ಕೆಂಪಗಿತ್ತು.”

“ಕುಡುದಿದ್ರಾ?”

“ವಾಸ್ನೆ ಇರ್ಲಿಲ್ಲ. ಅತ್ತಂಗಿತ್ತು.”

ಅವ್ವ ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. ಕುಡಿದು ಬಂದಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಒಬ್ಬಳಿಗೋಸ್ಕರ ಅತ್ತು ಬರುವ ಗಂಡನನ್ನು ಏನು ಮಾಡುವುದು? ‘ನಂಗೋಸ್ಕರ ಒಂದ್ ತೊಟ್ಟು ನೀರು ಆಕಿಲ್ಲ ಆ ಕಣ್ಣು’ ಅಂದಳು, ನನಗಲ್ಲ, ಹಂಡೆಗೆ. ಆಮೇಲೆ ಎದ್ದು ಮುಖ ತೊಳೆದುಕೊಂಡು ಮುದ್ದೆಗೆ ಎಸರಿಟ್ಟಳು.

ಅದಾದ ಸ್ವಲ್ಪ ದಿನಕ್ಕೆ ಅವ್ವನ ಹೀರೋ ತೀರಿಕೊಂಡರು. ಎಲೆ ಬೇಯಿಸುವ ಕಾಲ. ಅವ್ವ, ಅಜ್ಜಿ ಹಿತ್ತಲಲ್ಲಿ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದರು. ಟೀವಿ ಇದ್ದ ಪಕ್ಕದ ಮನೆಯಿಂದ ಯಾರೋ ಕೂಗಿ ಹೇಳಿದರು. ಅವ್ವ ಕಟ್ಟುತ್ತಿದ್ದ ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ನೇರ ಅಡುಗೆಮನೆಗೆ ಹೋಗಿ ಉರಿಯುತ್ತಿದ್ದ ಒಲೆಯಿಂದ ಕೊಳ್ಳಿಗಳನ್ನು ಎಳೆದು ಚೆಂಬು ನೀರು ಹೊಯ್ದಳು. ಚೊಂಯ್ ಅಂತ ಹೊಗೆ ಎದ್ದಿತು. ಮನೆಯಲ್ಲಿ ಸಾವಾದ ದಿನ ಒಲೆ ಹಚ್ಚುವ ಹಾಗಿಲ್ಲ, ಅಕ್ಕಪಕ್ಕದವರು ಅಡುಗೆ ತಂದುಕೊಡುವುದು ನಮ್ಮ ಕಡೆಯ ಪದ್ಧತಿ. ಪರದೆಯ ಮೇಲಿನ ಮನುಷ್ಯನಿಗಾಗಿ ಒಲೆ ಆರಿಸಿದ್ದನ್ನು ಊರಲ್ಲಿ ಯಾರೂ ಕಂಡು ಕೇಳಿರಲಿಲ್ಲ. ಅಜ್ಜಿ ಕೂಡ ನಗಲಿಲ್ಲ. ಅಪ್ಪ ಬ್ಯಾರನ್ನಿನಿಂದ ಮಸಿ ಮುಖದಲ್ಲಿ ಹಸಿದು ಬಂದ.

“ಯಾರು ಸತ್ತವ್ರೆ ಅಂತ ಒಲೆ ಆರ್ಸಿದ್ದೀಯೆ?”

“ಗೊತ್ತಿದ್ದೂ ಕೇಳ್ತೀರಲ್ಲ.”

“ಅವ್ನು ನಿಂಗೇನಾಗ್ಬೇಕು? ಅಣ್ಣನಾ, ತಮ್ಮನಾ? ನಾಳೆ ನಾನು ಸತ್ರೆ ಇಂಗೆ ಕೂತ್ಕೋತೀಯಾ ನೀನು?”

“ನಿಮಗೆ ಅಳಾಕೆ ಪಿರಿಯಾಪಟ್ಟಣದೋಳು ಅವ್ಳಲ್ಲ. ಅವ್ಳೇ ಅಳ್ಲಿ, ಅವ್ಳೇ ಒಲೆ ಆರಿಸ್ಲಿ.”

ಅಪ್ಪ ಕಿವಿಯ ತನಕ ಕೆಂಪಾದ. ಇಲ್ಲ ಅನ್ನಲಿಲ್ಲ. ಅದೊಂದು ಮಾತು ಅಂದುಬಿಟ್ಟಿದ್ದರೆ ಅವ್ವ ನಂಬುತ್ತಿದ್ದಳೋ ಏನೋ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಬ್ಯಾರನ್ನಿಗೆ ಹೊರಟುಹೋದ. ನಮಗೆಲ್ಲ ಅದು ಒಪ್ಪಿಕೊಂಡ ಹಾಗೇ ಕಂಡಿತು. ಅವ್ವ ಅಜ್ಜಿಯ ಮುಂದೆ ನಿಂತು ಹೇಳಿದಳು:

“ಅತ್ತೆ, ಹನ್ನೊಂದರ ದಿನ ಉಣ್ಸೂರಲ್ಲಿ ಅವ್ರ ಕಾರ್ಯ ಮಾಡ್ತಾರಂತೆ. ಅದು ಮುಗಿಸ್ಕೊಂಡು ಅಂಗೇ ಮಿರ್ಲೆಗೋಯ್ತೀನಿ. ಮಗೀನೂ ಕರ್ಕೊಂಡೋಯ್ತೀನಿ. ಇನ್ನು ಈ ವಸ್ಲು ತುಳಿಯಾಕಿಲ್ಲ.”

ಮಿರ್ಲೆ ಅವ್ವನ ತವರು. ಅವಳು ಹೇಳಿದ್ದನ್ನು ಮಾಡುವವಳು. ಮಾರನೆಯ ದಿನದಿಂದ ಒಲೆ ಉರಿಯಿತು, ಮಾತು ಮಾತ್ರ ಆರಿಹೋಯಿತು. ಅಪ್ಪನ ಊಟವನ್ನು ನಾನು ಬ್ಯಾರನ್ನಿಗೆ ಒಯ್ಯುತ್ತಿದ್ದೆ. ಅವನು ಗೂಡಿನ ಬೆಂಕಿ ನೋಡುತ್ತ ಉಣ್ಣುತ್ತಿದ್ದ. ‘ನಿಮ್ಮವ್ವ ಏನಾರ ಅಂದ್ಲಾ?’ ಎಂದು ದಿನಾ ಕೇಳುತ್ತಿದ್ದ. ನಡುಮನೆಯಲ್ಲಿ ಅವ್ವನ ಟ್ರಂಕಿಗೆ ಒಂದೊಂದೇ ಸೀರೆ ಸೇರುತ್ತಿತ್ತು. ನನ್ನ ಲಂಗಗಳೂ ಸೇರಿದವು.

ಹನ್ನೊಂದನೆಯ ದಿನ ಅವ್ವ ಹುಣಸೆಹಣ್ಣಿನಲ್ಲಿ ಕೈ ಉಜ್ಜಿಕೊಂಡು, ಟ್ರಂಕಿನ ಒಂದು ಹಿಡಿಕೆ ನನಗೆ ಕೊಟ್ಟು ಹೊರಟಳು. ಬ್ಯಾರನ್ನಿನ ತುಂಬ ಎಲೆ, ಇನ್ನೇನು ಬಣ್ಣಕ್ಕೆ ಬರುವ ಹೊತ್ತು. ಆದರೂ ಅಪ್ಪ ನಮ್ಮ ಬಸ್ಸಿನ ಹಿಂದಿನ ಬಾಗಿಲಿನಲ್ಲಿ ಹತ್ತಿದ್ದನ್ನು ನಾನು ನೋಡಿದೆ. ಬೆಂಕಿಯನ್ನು ಅಜ್ಜಿಯ ಕೈಗೆ ಬಿಟ್ಟು ಬಂದಿದ್ದ. ಮಸಿ ಹತ್ತಿದ ಶರಟು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅವ್ವ ತಿರುಗಿ ನೋಡಲಿಲ್ಲ.

ಟಾಕೀಸಿನ ಮುಂದೆ ಶಾಮಿಯಾನ, ಆಳೆತ್ತರದ ಫೋಟೋ, ಅದರಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗಿನ ತೆಳು ಮೀಸೆ, ಕೊರಳು ಕಾಣದಷ್ಟು ಹಾರ. ಹುಡುಗರೆಲ್ಲ ಸ್ವಂತ ಅಪ್ಪ ಸತ್ತವರ ಹಾಗೆ ತಲೆ ಬೋಳಿಸಿಕೊಂಡಿದ್ದರು. ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಅವರ ಒಂದೊಂದು ಪಿಚ್ಚರನ್ನು ನೆನೆದು ಅಳುವುದು, ಕೆಳಗಿನವರು ಜೈ ಅನ್ನುವುದು. ಅಭಿಮಾನಿ ಸಂಘದ ಅಧ್ಯಕ್ಷ ಆಟೋ ಓಡಿಸುವ ಮಂಜ. ಅವನು ಅವರು ಲಾರಿ ಡ್ರೈವರ್ ಆಗಿದ್ದ ಪಿಚ್ಚರಿನ ಮಾತು ತೆಗೆದ.

“ಕೊನೇಲಿ ತಂಗಿಗೋಸ್ಕರ ಪ್ರಾಣಾನೇ ಕೊಟ್ರಲ್ಲ...”

“ಅದ್ರಲ್ಲಿ ಸಾಯಾಕಿಲ್ಲ ಕಣ್ಲಾ ಅವ್ರು!”

ಹಿಂದಿನಿಂದ ಬಂದ ಆ ದನಿ ಅಪ್ಪನದು. ಎಲ್ಲರೂ ತಿರುಗಿದರು. ಅವನಿಗೇ ತಾನು ಮಾತಾಡಿದ್ದು ಗೊತ್ತಾಗದ ಹಾಗೆ ನಿಂತಿದ್ದ.

“ಆಸ್ಪತ್ರೇಲಿ ಕಣ್ಣು ಬುಟ್ಟು ನೀರು ಕೇಳ್ತಾರೆ. ನೀನು ಅಳ್ತಾ ಎದ್ದೋಗ್ಬುಟ್ಟಿದ್ದೀಯೆ, ಕೊನೇ ಗಂಟ ಕೂತಿಲ್ಲ.”

ಜನ ಹೋ ಎಂದು ನಕ್ಕರು. ಮಂಜನಿಗೆ ಅವಮಾನವಾಗಲಿಲ್ಲ, ಖುಷಿಯಾಯಿತು. ‘ಬನ್ನಿ ಯಜಮಾನ್ರೇ, ನೀವೇ ಮಾತಾಡಿ’ ಎಂದು ಎಳೆದು ತಂದು ಮೈಕು ಕೊಟ್ಟ. ಅಪ್ಪ ಹೆಂಗಸರ ಕಡೆ ಒಮ್ಮೆ ನೋಡಿದ.

“ನಾನು ಅಭಿಮಾನಿ ಅಲ್ಲ ಕಣ್ರಪ್ಪಾ. ನಂಗೆ ಇವ್ರ ಕಂಡ್ರೆ ಒಟ್ಟೆಉರಿ. ನಮ್ಮನೇಲಿ ಯಾವಾಗ್ಲೂ ಇವ್ರದ್ದೇ ಮಾತು. ಏನದೆ ಈ ಮನುಷ್ಯನಲ್ಲಿ, ಒಂದು ಐಬು ಇಡ್ದು ಮನೇಲಿ ಏಳವಾ ಅಂತ ನೋಡಾಕೋದೆ. ಇಲ್ಲಿ ನೋಡುದ್ರೆ ಗೊತ್ತಿರೋರು ಕಾಣ್ತಾರೆ. ಒಸಾ ಪಿಚ್ಚರ್ ಇಲ್ಲಿ ಓಡಿ ಮುಗುದ್ಮೇಲೆ ಪಿರಿಯಾಪಟ್ಟಣಕ್ಕೆ ಬತ್ತಿತ್ತಲ್ಲ, ಅಳೇ ಪಿಚ್ಚರೂ ಅಲ್ಲಿ ತಿರುಗಿ ಆಕ್ತಿದ್ರಲ್ಲ, ಸೌದೆ ತತ್ತೀನಿ ಅಂತ ಸುಳ್ಳೇಳಿ ಅಲ್ಲಿಗೋಯ್ತಿದ್ದೆ. ಒಂದೂ ಬುಟ್ಟಿಲ್ಲ.”

ಆಮೇಲೆ ಅಪ್ಪ ಹೇಳಿದ್ದನ್ನು ಅಲ್ಲಿದ್ದ ಯಾವ ಅಭಿಮಾನಿಯೂ ಹೇಳಿರಲಿಲ್ಲ. ಅಭಿಮಾನಿಗಳು ಕಣ್ತುಂಬಿಕೊಂಡು ನೋಡಿದವರು. ಅಪ್ಪ ಹಗೆಯವನನ್ನು ನೋಡುವ ಹಾಗೆ ನೋಡಿದ್ದ. ಮೊದಮೊದಲು ಮಾತಾಡುವಾಗ ಕೈ ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ತುರುಕುತ್ತಿದ್ದುದು, ಮೇಷ್ಟ್ರ ಪಾರ್ಟು ಮಾಡಿದ ಮೇಲೆ ಆ ಕೈ ಪಳಗಿದ್ದು, ಬಲಮಂಡಿ ನೋಯಲು ಶುರುವಾದ ಮೇಲೆ ಫೈಟಿನಲ್ಲಿ ಎಡಗಾಲಲ್ಲೇ ಒದೆಯುತ್ತಿದ್ದುದು, ಕುಣಿತ ಕಡಿಮೆಯಾಗಿ ಹಾಡಿನಲ್ಲಿ ಮರಕ್ಕೊರಗಿ ನಿಂತದ್ದು, ಎಲ್ಲವನ್ನೂ ಬೆಳೆಯ ಹದ ಹೇಳುವವನಂತೆ ಹೇಳುತ್ತ ಹೋದ. ಜನ ಸಿಳ್ಳೆ ಹಾಕುವುದನ್ನೂ ಮರೆತು ಕೇಳಿದರು.

“ಐಬು ಬೇಕಾದಂಗೆ ಸಿಕ್ತು. ಆದ್ರೆ ಕಡೇಲಿ ಅಪ್ಪನ ಪಾರ್ಟು ಮಾಡುದ್ರಲ್ಲ, ಮಗಳ ಮದ್ವೆ ಊಟದಲ್ಲಿ ಮಾತೇ ಇಲ್ದೆ ಎಲೆ ಮ್ಯಾಲಿನ ಉಪ್ಪನ್ನ ಬೆಳ್ಳಲ್ಲಿ ಅಂಗೇ ತಿರುಗ್ಸ್‌ತಾ ಕೂತಿದ್ರಲ್ಲ, ಅವತ್ತು ಸೋತೋದೆ. ನನ್ ಮಗೀನ ಓಟ್ಲಲ್ಲಿ ಕೂರ್ಸಿ ಓಗಿದ್ದೆ. ಅದನ್ನ ನೆನೆಸ್ಕೊಂಡು ಅತ್ತೆ. ಆಳಾದೋನು ಚೆನ್ನಾಗಿ ಮಾಡ್ತಿದ್ದ ಕಣ್ರಪ್ಪಾ.”

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ. ನಾನು ಅವ್ವನನ್ನು ನೋಡಿದೆ. ಟಾಕೀಸಿನ ಕತ್ತಲಲ್ಲಿ ಬಿಚ್ಚಿಕೊಳ್ಳುತ್ತಿದ್ದ ಆ ಮುಖ ಹಾಡಹಗಲಿನಲ್ಲಿ ಬಿಚ್ಚಿಕೊಂಡಿತ್ತು, ಮಸಿ ಶರಟಿನ ಅಪ್ಪನ ಕಡೆಗೆ. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಯೊಳಗೆ ಧಗ್ಗೆಂದಿತು. ಇವನಿಗೂ ಸಿಕ್ಕಿತಲ್ಲ!

ಅವ್ವ ಪಾಯಸಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ನಡೆದಳು. ಕೆ.ಆರ್. ನಗರದ ಬಸ್ಸು ನಿಂತಿತ್ತು, ಅದನ್ನು ಹತ್ತಿದರೆ ಮಿರ್ಲೆಯ ದಾರಿ. ಅಪ್ಪ ಓಡುತ್ತ ಬಂದು ಬಾಗಿಲಿಗೆ ಅಡ್ಡ ನಿಂತ.

“ಓಗ್ಬೇಡ.”

“ಪಿರಿಯಾಪಟ್ಟಣದೋಳು ಯಾರೂ ಇಲ್ವಾ?”

“ಇಲ್ಲ.”

“ಅವತ್ತೇ ಏಳಾಕೆ ಏನಾಗಿತ್ತು?”

“ಎಂಗೇಳ್ಲಿ? ಅಷ್ಟು ಬೈದೋನು ನಾನೇ ಓಗಿ ನೋಡ್ದೆ ಅಂತ ಏ‌ಳುದ್ರೆ ನೀನು ನಗ್ತಿದ್ದೆ.”

ಹೆಂಗಸಿನ ಅಪವಾದ ಹೊತ್ತುಕೊಂಡಾನು, ಪಿಚ್ಚರ್ ನೋಡಿದೆ ಅಂತ ಒಪ್ಪಿಕೊಳ್ಳಲಾರ. ಗಂಡಸು ಅಂದರೆ ಇಷ್ಟೇ ನೋಡಿ. ಅವ್ವ ನಗಲಿಲ್ಲ. ನಾನು ಕಂಡ ಹಾಗೆ ಅವಳು ರಸ್ತೆಯಲ್ಲಿ ನಿಂತು ಅತ್ತದ್ದು ಅವತ್ತೊಂದೇ ದಿನ.

“ಒಂದೂ ಬುಡ್ದಂಗೆ ನೋಡಿದ್ದೀರಿ. ಪ್ರತಿ ಸಾರಿನೂ ಬನ್ನಿ ಬನ್ನಿ ಅಂತ ಬಾಯ್ಬುಟ್ಟು ಕರುದ್ನಲ್ರೀ. ಒಂದಿನ ಪಕ್ದಲ್ಲಿ ಕೂತ್ಕೊಂಡು ನೋಡುದ್ರೆ ನಿಮ್ಮ ಗಂಟೇನೋಗ್ತಿತ್ತು? ಇನ್ನ್ಯಾರ ಪಿಚ್ಚರ್‌ಗೆ ಕರೀಲಿ ನಿಮ್ಮನ್ನ? ಅವ್ರೇ ಓಗ್ಬುಟ್ರಲ್ಲ.”

ಅಪ್ಪ ತಲೆ ತಗ್ಗಿಸಿದ.

“ನಾನೂ ಒಬ್ನೇ ಕಣೆ ನೋಡಿದ್ದು. ಪಕ್ದಲ್ಲಿ ಯಾರೂ ಇರ್ಲಿಲ್ಲ.”

“ನಾನೇನು ಜೊತೇಲಿ ನೋಡುದ್ನಾ?” ಅಂದಳು ಅವ್ವ, ಸೆರಗಿನಲ್ಲಿ ಮೂಗು ಒರೆಸಿಕೊಂಡು. “ನಾನೂ ಒಬ್ಳೇ ನೋಡಿದ್ದು.”

ಟ್ರಂಕಿನ ಒಂದು ಹಿಡಿಕೆ ನನ್ನ ಕೈಯಲ್ಲಿತ್ತು, ಇನ್ನೊಂದು ಅವಳ ಕೈಯಲ್ಲಿ. ಪ್ರತಿ ಪಿಚ್ಚರಿನಲ್ಲೂ ಅವಳ ಪಕ್ಕದ ಸೀಟಿನಲ್ಲಿ ಕೂತವಳು ನಾನು. ತಲೆಯೆತ್ತಿ ಅವಳ ಮುಖ ನೋಡಿದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಬಿಳಿಕೆರೆಯ ಮೇಲೆ ಹೋಗುವ ಮೈಸೂರು ಬಸ್ಸು ಬಂತು. ಅಪ್ಪ ಟ್ರಂಕನ್ನು ನಮ್ಮಿಬ್ಬರ ಕೈಯಿಂದ ತೆಗೆದು ತಲೆಯ ಮೇಲಿಟ್ಟುಕೊಂಡ. ಅವ್ವ ಅವನ ಹಿಂದೆ ಹತ್ತಿದಳು, ನಾನು ಅವಳ ಹಿಂದೆ. ಇಬ್ಬರ ಸೀಟೊಂದು ಖಾಲಿಯಿತ್ತು. ಅಪ್ಪ ಕಿಟಕಿಯ ಪಕ್ಕ ಸರಿದ, ಅವ್ವ ಅವನ ಪಕ್ಕ ಕೂತಳು.

“ಮಗ, ನೀನು ಇಂದ್ಗಡೆ ಎಲ್ಲಾದ್ರೂ ಕೂತ್ಕೋ ಓಗು,” ಅಂದಳು, ತಿರುಗಿ ನೋಡದೆ.